ಕಿವಿಯ ಕುರಿತೊಂದು ಕಿವಿಮಾತು

'ಶುಶ್ರೂಷೆ' ಎಂಬ ಶಬ್ದವನ್ನು ನಾವು ಸೇವೆ, ಆರೈಕೆ ಎಂಬರ್ಥದಲ್ಲಿ ಬಳಸುತ್ತೇವೆ. ಅದರ ಮೂಲಾರ್ಥವಾದರೋ 'ಕೇಳುವ ಇಚ್ಛೆ' ಎಂದು. ವಿದ್ವಾಂಸನನ್ನು ಹಿರಿಯರು 'ಬಹುಶ್ರುತ'ನೆಂದರು; ಶರಣರ ನುಡಿಗೆ 'ವಚನ'ವೆಂದೇ ಹೆಸರಾಯಿತು. ನುಡಿಯು ಸಾರ್ಥಕವಾಗಬೇಕಾದರೆ ಕೇಳುವ ಕಿವಿ ಬೇಕು. ಆದರೆ ಆ ಕಿವಿಯು ಮಂದವಾದಾಗ ನಾವು ಅದನ್ನು ವ್ಯಾಧಿಯೆಂದು ಬಗೆಯದೆ ಸ್ವಭಾವದೋಷವೆಂದು ಬಗೆಯುತ್ತೇವೆ. ಮಗುವಾದರೆ 'ದಡ್ಡ'ನೆನ್ನುತ್ತೇವೆ, ವೃದ್ಧರಾದರೆ 'ಹಟಮಾರಿ'ಗಳೆನ್ನುತ್ತೇವೆ. ಈ ಅನ್ಯಾಯವನ್ನು ತಪ್ಪಿಸಲು ಮನೆಯಲ್ಲಿಯೂ ಶಾಲೆಯಲ್ಲಿಯೂ ಮಾಡಬಹುದಾದ ಕೆಲವು ಸುಲಭ ಪರೀಕ್ಷೆಗಳನ್ನು ಇಲ್ಲಿ ನಿವೇದಿಸುತ್ತೇನೆ.

ಕಿವುಡಿನಲ್ಲಿ ಮುಖ್ಯವಾಗಿ ಎರಡು ಬಗೆ. ಹೊರಗಿವಿ, ಕಿವಿಯ ತಮಟೆ, ಅದರಾಚೆಯ ಮೂರು ಪುಟ್ಟ ಎಲುಬುಗಳು – ಈ ಹಾದಿಯಲ್ಲಿ ಶಬ್ದಕ್ಕೆ ತಡೆಯುಂಟಾಗುವುದು ಒಂದು. ಒಳಗಿವಿಯ ಶಂಖಾಕಾರದ ಸುರುಳಿಯೋ ಶ್ರವಣನರವೋ ಶಕ್ತಿಗುಂದುವುದು ಇನ್ನೊಂದು. ಗುಗ್ಗೆ ಕಟ್ಟುವುದು, ನೆಗಡಿಯಿಂದ ನಡುಗಿವಿಯಲ್ಲಿ ದ್ರವ ನಿಲ್ಲುವುದು ಮೊದಲನೆಯ ಬಗೆಗೆ ಸೇರಿದವು. ನಮ್ಮ ಕರಾವಳಿಯ ತೇವದ ಹವೆಯಲ್ಲಿ ಕಿವಿಯೊಳಗೆ ಬೂಷ್ಟು ಬೆಳೆಯುವುದೂ ಉಂಟು. ಕಿವಿಗೆ ಎಣ್ಣೆ ಬಿಡುವ ರೂಢಿ ಅದಕ್ಕೆ ಇನ್ನಷ್ಟು ಎಡೆಮಾಡಿಕೊಡುತ್ತದೆ. ವಯೋಧರ್ಮ ಮತ್ತು ಬಹುಕಾಲದ ಮಹಾಶಬ್ದ ಎರಡನೆಯದಕ್ಕೆ ಕಾರಣಗಳು. ಇರುಳಿಡೀ ಚೆಂಡೆಯ ಮಗ್ಗುಲಲ್ಲಿರುವವರು, ಮೀನುಗಾರಿಕೆಯ ದೋಣಿಗಳ ಇಂಜಿನಿನ ಬಳಿ ದುಡಿಯುವವರು, ಕಾರ್ಕಳದಲ್ಲಿ ಯಂತ್ರದಿಂದ ಕಲ್ಲು ಕೊಯ್ಯುವವರು ಈ ವಿಷಯದಲ್ಲಿ ಎಚ್ಚರದಿಂದಿರಬೇಕು. ಒಳಗಿವಿಯ ಸೂಕ್ಷ್ಮಕೋಶಗಳು ಒಮ್ಮೆ ನಶಿಸಿದರೆ ಮರಳಿ ಹುಟ್ಟುವುದಿಲ್ಲ.

ಮೊದಲನೆಯ ಪರೀಕ್ಷೆಗೆ ಉಪಕರಣವೇ ಬೇಡ. ಬಾಯಿ ಮುಚ್ಚಿ, ಪ್ರಣವದ ಕೊನೆಯ ಮಕಾರವನ್ನು ತಗ್ಗುಸ್ವರದಲ್ಲಿ ದೀರ್ಘವಾಗಿ ಗುನುಗಬೇಕು. ಆರೋಗ್ಯವಂತನು ಹೀಗೆ ಗುನುಗುತ್ತ ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡರೆ, ನಾದವು ಮುಚ್ಚಿದ ಕಿವಿಯಲ್ಲಿಯೇ ಹೆಚ್ಚಾಗಿ ಮೊಳಗುತ್ತದೆ. ಪರೀಕ್ಷೆಯ ಮರ್ಮವಿರುವುದು ಇಲ್ಲಿಯೇ. ಒಂದು ಕಿವಿ ಮಂದವಾದವನು ಯಾವ ಕಿವಿಯನ್ನೂ ಮುಚ್ಚದೆ ಗುನುಗಲಿ. ನಾದವು ಮಂದವಾದ ಕಿವಿಗೆ ವಾಲಿದರೆ ಹಾದಿಯಲ್ಲಿ ತಡೆಯಿದೆಯೆಂದೂ, ಚೆನ್ನಾಗಿ ಕೇಳುವ ಕಿವಿಗೆ ವಾಲಿದರೆ ದೋಷ ಒಳಗಿವಿಯಲ್ಲಿದೆಯೆಂದೂ ಊಹಿಸಬಹುದು. ಜರ್ಮನಿಯ ವೆಬರನ ಹೆಸರಿನಲ್ಲಿ ವೈದ್ಯರು ಶ್ರುತಿಕವೆಯನ್ನು ನೆತ್ತಿಯ ಮೇಲಿಟ್ಟು ಮಾಡುವ ಪರೀಕ್ಷೆಯ ತತ್ತ್ವವೂ ಇದೇ. ಎರಡೂ ಕಿವಿಗಳು ಸಮನಾಗಿ ಮಂದವಾಗಿದ್ದರೆ ಮಾತ್ರ ಇದರಿಂದ ನಿರ್ಣಯ ದೊರೆಯದು.

ಎರಡನೆಯದು ಭಾಷಾಧ್ಯಾಪಕರಿಗೆ ಚಿರಪರಿಚಿತವಾದ ಉಕ್ತಲೇಖನ. ತುಟಿಗಳು ಕಾಣದಂತೆ ಪುಸ್ತಕವನ್ನು ಅಡ್ಡ ಹಿಡಿದು 'ಸಾಲು, ಹಾಲು, ಕಾಲು' 'ತಲೆ, ಕಲೆ, ಎಲೆ' ಎಂಬಂಥ ಪದಗಳನ್ನು ಮೆಲುದನಿಯಲ್ಲಿ ಹೇಳಬೇಕು. ಸ್ವರಾಕ್ಷರಗಳು ಬಲವುಳ್ಳವು, ಸಕಾರ, ತಕಾರ, ಕಕಾರಗಳು ದುರ್ಬಲವೂ ಏರುಶ್ರುತಿಯವೂ ಆಗಿವೆ. ಒಳಗಿವಿ ಕ್ಷೀಣಿಸಿದವರಲ್ಲಿ ಸಾಮಾನ್ಯವಾಗಿ ಇವೇ ಮೊದಲು ಮರೆಯಾಗುತ್ತವೆ. 'ಧ್ವನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ' ಎಂಬ ಹಿರಿಯರ ದೂರಿನ ಅರ್ಥ ಇದು. ಅಂಥವರೆದುರು ಕೂಗಿ ಪ್ರಯೋಜನವಿಲ್ಲ. ಎದುರು ಕುಳಿತು ನಿಧಾನವಾಗಿ ನುಡಿಯಬೇಕು. ಹಾದಿಗೆ ತಡೆಯಿದ್ದವರಿಗಾದರೋ ಧ್ವನಿಯನ್ನು ಏರಿಸಿದರೆ ಮಾತು ಸ್ಪಷ್ಟವಾಗುತ್ತದೆ. ಶಕಾರ-ಸಕಾರಗಳ ಗೊಂದಲವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬಾರದು. ಅದು ಬಹುಮಟ್ಟಿಗೆ ಆಡುನುಡಿಯ ಪ್ರಭಾವ.

ಮೂರನೆಯದು ಕಾಲವನ್ನು ಗಮನಿಸುವುದು. ಕಾಪುವಿನ ಕಡಲಂಚಿನಿಂದ ಬರುತ್ತಿದ್ದ ಬಾಲಕನೊಬ್ಬನ ಉಕ್ತಲೇಖನವು ಬೇಸಗೆಯಲ್ಲಿ ನಿರ್ದುಷ್ಟವಾಗಿರುತ್ತಿತ್ತು; ಮಳೆಗಾಲದಲ್ಲಿ, ಮೂಗು ಕಟ್ಟಿದ ದಿನಗಳಲ್ಲಿ, ತಪ್ಪುಗಳ ಸರಮಾಲೆ. ಅಲಕ್ಷ್ಯವೆಂಬುದು ಋತುಮಾನವನ್ನು ಅನುಸರಿಸುವುದಿಲ್ಲವಷ್ಟೆ! ಈ ಮಾತನ್ನು ಅವನ ತಾಯಿಗೆ ತಿಳಿಸಿದೆ. ಮಣಿಪಾಲದಲ್ಲಿ ತೋರಿಸಿದಾಗ ನಡುಗಿವಿಯಲ್ಲಿ ದ್ರವ ನಿಂತಿದ್ದುದು ಗೊತ್ತಾಯಿತು. ಚಿಕಿತ್ಸೆಯಾದ ಮೇಲೆ ಹುಡುಗನು ಹಿಂದಿನ ಬೆಂಚಿನಿಂದ ತಾನಾಗಿಯೇ ಪ್ರಶ್ನೆ ಕೇಳತೊಡಗಿದನು.

ಇವೆಲ್ಲ ಸೂಚನೆಗಳೇ ಹೊರತು ಸಿದ್ಧಾಂತವಲ್ಲ. ಕಿವಿ ಸೋರುತ್ತಿದ್ದರೆ, ನೋವಿದ್ದರೆ, ತಲೆ ತಿರುಗುತ್ತಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಕಡ್ಡಿ, ಪಿನ್ನು, ಎಣ್ಣೆಗಳನ್ನು ಕಿವಿಗೆ ಸೋಕಿಸಬಾರದು. ಒಂದೆರಡು ದಿನಗಳಲ್ಲಿ ಕಿವಿ ಹಠಾತ್ತನೆ ಮಂದವಾಯಿತೆಂದರೆ ಅದು ತುರ್ತು ಸಂಗತಿ. ಕಾರಣವು ಒಳಗಿವಿಯಲ್ಲಿದ್ದರೆ ಮೊದಲ ಎರಡು ವಾರಗಳೊಳಗಿನ ಚಿಕಿತ್ಸೆಯೇ ಹೆಚ್ಚು ಫಲಕಾರಿ. ಆದುದರಿಂದ ಅಂದೇ ವೈದ್ಯರನ್ನು ಕಾಣುವುದು ಲೇಸು. ನಮ್ಮ ಜಿಲ್ಲೆಯವರು ಇದಕ್ಕಾಗಿ ದೂರ ಹೋಗಬೇಕಾಗಿಲ್ಲ. ಮಣಿಪಾಲದಲ್ಲಿ 1953ರಲ್ಲಿ ಸ್ಥಾಪಿತವಾದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿದೆ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಅಧ್ಯಾಪಕ ಬಂಧುಗಳಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಮಗುವನ್ನು ಗದರಿಸುವ ಮೊದಲು ಅದರ ಕಿವಿಯನ್ನು ವಿಚಾರಿಸಿರಿ. ಕೊಠಡಿಗಳನ್ನು ಕಟ್ಟಿಸಿಕೊಟ್ಟು ಮಠದ ವಿದ್ಯಾದಾಸೋಹದಲ್ಲಿ ಪಾಲುಗೊಂಡಿರುವ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ, ವರ್ಷಕ್ಕೊಮ್ಮೆ ಮಳೆಗಾಲದಲ್ಲಿ ಎಲ್ಲ ಮಕ್ಕಳಿಗೆ ಶ್ರವಣ ತಪಾಸಣೆಯಾಗುವಂತೆ ಏರ್ಪಾಡು ಮಾಡಿಕೊಟ್ಟರೆ, ಆ ಕೊಠಡಿಗಳಲ್ಲಿ ನಡೆಯುವ ಪಾಠವು ಹಿಂದಿನ ಬೆಂಚಿನವರೆಗೂ ತಲುಪೀತು.