ತಂಬೂರಿಗೆ ಸೇರದ ಶ್ರುತಿ

ಗ್ರಾಮಫೋನ್ ತಟ್ಟೆಯಲ್ಲಿ ಹಾಡು ಹಾಡಿದ ಹಾಗೆಯೇ ಇರುವುದಿಲ್ಲ ಎಂದರೆ ಅನೇಕರು ನಂಬುವುದಿಲ್ಲ. ಮಂದ್ರ ಸ್ವರಗಳನ್ನು ಇದ್ದಂತೆಯೇ ಕೊರೆದರೆ ಗೆರೆ ಅಷ್ಟಗಲ ಓಲಾಡಿ ಪಕ್ಕದ ಗೆರೆಗೆ ಹಾಯುತ್ತದೆ. ಅದಕ್ಕೇ ಅವನ್ನು ಕುಗ್ಗಿಸಿ ಕೊರೆಯುತ್ತಾರೆ. ತಾರ ಸ್ವರಗಳನ್ನು ಹಿಗ್ಗಿಸಿ ಕೊರೆಯುತ್ತಾರೆ, ತಟ್ಟೆಯ ಸರಸರ ಸದ್ದು ಅವುಗಳಡಿ ಅಡಗಲಿ ಎಂದು. ನುಡಿಸುವಾಗ ಇದನ್ನು ಸರಿಯಾಗಿ ತಿರುವುಮುರುವು ಮಾಡಬೇಕು. ಎಷ್ಟು ಎಂಬ ಲೆಕ್ಕವನ್ನು 1954ರಲ್ಲಿ ಅಮೆರಿಕದ ರೆಕಾರ್ಡಿಂಗ್ ಉದ್ಯಮದ ಸಂಘ ಗೊತ್ತುಮಾಡಿತು. ಆರ್‌ಐಎಎ ರೇಖೆ ಎಂಬ ಹೆಸರಿನಿಂದ ಅದು ಇಂದಿಗೂ ಲೋಕಕ್ಕೆಲ್ಲ ಒಂದೇ.

ಈ ಪಾಠ ನಮ್ಮ ಮನೆಗೆ ಬಂದದ್ದು ಅಮ್ಮನಿಂದ. ಅವರಿಗೆ 82 ವರ್ಷ, ಕಿವಿ ಮಂದವಾಗುತ್ತಿದೆ. ವಯಸ್ಸಾದಂತೆ ಮೊದಲು ಮೇಲಿನ ಸ್ವರಗಳು ಹೋಗುತ್ತವೆ ಎಂದು ಶಿವಮೊಗ್ಗದ ವೈದ್ಯರು ಹೇಳಿದ ದಿನವೇ, "ಅಟ್ಟದ ಪೆಟ್ಟಿಗೆ ಇಳಿಸು, ಕೇಳಿಸುವಷ್ಟು ದಿನ ಕೇಳ್ತೀನಿ" ಎಂದರು. ಪೆಟ್ಟಿಗೆಯಲ್ಲಿ ಇದ್ದದ್ದು 40 ಎಲ್‌ಪಿ ತಟ್ಟೆಗಳು: ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನಸೂರ, ದೊರೆಸ್ವಾಮಿ ಅಯ್ಯಂಗಾರರ ವೀಣೆ. ಅಪ್ಪ ಭದ್ರಾವತಿಯಲ್ಲಿ ಕೆಲಸಕ್ಕಿದ್ದಾಗ ಸಂಬಳದಲ್ಲಿ ಉಳಿಸಿ ಕೊಂಡವು. 1965ರಲ್ಲಿ ಅಲ್ಲಿ ಆಕಾಶವಾಣಿ ಕೇಂದ್ರ ಶುರುವಾದ ಮೇಲೆ ರೇಡಿಯೋದಲ್ಲಿ ಕೇಳಿದ್ದನ್ನು ತಟ್ಟೆಯಲ್ಲಿ ಹುಡುಕಿ ತರುವ ಚಟ ಅವರಿಗೆ ಹತ್ತಿತ್ತು.

ಟರ್ನ್‌ಟೇಬಲ್ ತಿರುಗಿತು. ಆದರೆ ಈಗಿನ ಆಂಪ್ಲಿಫೈಯರಿಗೆ ನೇರವಾಗಿ ಜೋಡಿಸಿದರೆ ತಗಡಿನ ಡಬ್ಬಿಯೊಳಗೆ ಸೊಳ್ಳೆ ಹಾಡಿದಂತೆ ಕೇಳಿಸಿತು. ಅಮ್ಮ ಅರ್ಧ ನಿಮಿಷ ಕೇಳಿ, "ಇದು ಜೋಶಿಯವರ ಗಂಟಲಲ್ಲ" ಎಂದು ಎದ್ದುಹೋದರು.

ಹಿಂದೆ ಸೂಟ್‌ಕೇಸ್ ಮಾದರಿಯ ಪ್ಲೇಯರುಗಳಲ್ಲಿ ಸೆರಾಮಿಕ್ ಪಿಕಪ್ ಇರುತ್ತಿತ್ತು. ಅದರ ವೋಲ್ಟೇಜು ದೊಡ್ಡದು, ಬೇರೆ ಸಾಧನದ ಗೊಡವೆ ಇಲ್ಲ. ಅಪ್ಪನದು ಅಯಸ್ಕಾಂತದ ಪಿಕಪ್. ಅದರಿಂದ ಬರುವುದು ಹೆಚ್ಚೆಂದರೆ 5 ಮಿಲಿವೋಲ್ಟ್. ಅದನ್ನು ನೂರು ಪಟ್ಟು ಹಿಗ್ಗಿಸಿ, ಆರ್‌ಐಎಎ ರೇಖೆಯನ್ನೂ ತಿರುವಲು ಫೋನೊ ಪ್ರಿಆಂಪ್ ಬೇಕು. ಡಿಪ್ಲೊಮಾ ಎರಡನೇ ವರ್ಷದ ನನ್ನ ಮಗಳು ತಾನೇ ಕಟ್ಟುತ್ತೇನೆಂದಳು. ಪರೀಕ್ಷೆ ಆರು ವಾರ ಇತ್ತು. ಬಂಧುಗಳು ನನ್ನನ್ನೇ ಬೈದರು ಅನ್ನಿ.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಎನ್‌ಇ5532 ಐಸಿ, ಶೇಕಡಾ 1ರ ರೆಸಿಸ್ಟರುಗಳು, ಕೆಪಾಸಿಟರುಗಳು ಬಂದವು. ರೇಖೆಯ ಗುಟ್ಟೆಲ್ಲ ಮೂರು ಅಂಕಿಗಳಲ್ಲಿದೆ: 3180, 318 ಮತ್ತು 75 ಮೈಕ್ರೊಸೆಕೆಂಡು. ರೆಸಿಸ್ಟರು, ಕೆಪಾಸಿಟರುಗಳ ಗುಣಲಬ್ಧದಿಂದ ಬರುವ ಕಾಲ ಇದು. "ಇದನ್ನೇ ಉರು ಹೊಡೆದಿದ್ದೆ, ಯಾತಕ್ಕೆ ಅಂತ ಯಾರೂ ಹೇಳಿರಲಿಲ್ಲ" ಎಂದಳು ಮಗಳು. ಆ ಅಧ್ಯಾಯವನ್ನು ಅವಳು ಮತ್ತೆ ಓದಿದ್ದನ್ನು ನಾನು ಕಾಣೆ. ಓದುವ ಅಗತ್ಯ ಉಳಿದಿರಲಿಲ್ಲ.

ಒಂಬತ್ತನೇ ದಿನ ಹಾಡು ಬಂತು, ತುಂಬು ಕಂಠದಲ್ಲಿ. ಜೊತೆಗೆ ಬಲಗಡೆಯ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದೂ ಬಂತು. ಅಮ್ಮನ ಕಿವಿಯಲ್ಲಿ ಕೆಳಗಿನ ಸ್ವರಗಳು ಇನ್ನೂ ಗಟ್ಟಿಯಾಗಿವೆ. "ತಂಬೂರಿಗೆ ಸೇರದ ಇನ್ನೊಂದು ಶ್ರುತಿ ಹಿಡಿದಿದ್ದೀರಲ್ಲೇ" ಎಂದರು.

ಆ ಶ್ರುತಿ ಮನೆಯ ಕರೆಂಟಿನದು, ಸೆಕೆಂಡಿಗೆ 50 ಕಂಪನ. ಫೋನೊ ಪ್ರಿಆಂಪ್ ಕೆಳಗಿನ ಸ್ವರಗಳನ್ನು ವಿಶೇಷವಾಗಿ ಎತ್ತುವುದರಿಂದ 50 ಹರ್ಟ್ಸ್ ನೂರಲ್ಲ, 700 ಪಟ್ಟು ಹಿಗ್ಗುತ್ತದೆ! ಎಲ್ಲೋ ಒಂದಿಷ್ಟು ನುಸುಳಿದರೆ ಸಾಕು.

ಮಗಳು ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತ ಹೋದಳು. ಟ್ರಾನ್ಸ್‌ಫಾರ್ಮರ್ ಕಿತ್ತು ಎರಡು 9 ವೋಲ್ಟ್ ಬ್ಯಾಟರಿ ಹಾಕಿದಳು. ಸದ್ದು ಹಾಗೆಯೇ ಇತ್ತು, ಎಂದರೆ ಪವರ್ ಸಪ್ಲೈ ನಿರಪರಾಧಿ. ಅರ್ತ್ ತಂತಿ ಬಿಚ್ಚಿದಳು. ಸದ್ದು ಹೆಚ್ಚಿತು. ಅದು ತನ್ನ ಕೆಲಸ ಮಾಡುತ್ತಿದೆ ಎಂದಾಯಿತು. ಆಮೇಲೆ ಟರ್ನ್‌ಟೇಬಲಿನ ಎಡ, ಬಲ ಪ್ಲಗ್ಗುಗಳನ್ನು ಪ್ರಿಆಂಪಿನಲ್ಲಿ ಅದಲು ಬದಲು ಮಾಡಿದಳು. ಗುಂಯ್ ಎಂಬುದು ಎಡ ಸ್ಪೀಕರಿಗೆ ಹೋಯಿತು! ಅವಳು ಕಟ್ಟಿದ್ದರಲ್ಲಿ ದೋಷವಿಲ್ಲ, ತೊಂದರೆ ಅದಕ್ಕೂ ಹಿಂದೆ. ಒಂದು ಪೈಸೆ ಖರ್ಚಿಲ್ಲದ ಈ ಪರೀಕ್ಷೆ ನನಗೆ ತುಂಬ ಹಿಡಿಸಿತು.

ಮುಂದೆ ಹೆಡ್‌ಶೆಲ್ ಕಳಚಿಟ್ಟು ಮಲ್ಟಿಮೀಟರು ಹಿಡಿದಳು. ಮೀಟರಿನ ಕರೆಂಟು ಪಿಕಪ್ಪಿನ ಸೂಕ್ಷ್ಮ ಸುರುಳಿಗೆ ಹಾಯಬಾರದು, ಇದನ್ನು ಮಾಡಹೊರಟವರು ನೆನಪಿಡಿ. ತೋಳಿನ ತಂತಿಗಳೆಲ್ಲ ಸರಿಯಿದ್ದವು. ಹೆಡ್‌ಶೆಲ್ಲಿನ ನಾಲ್ಕು ಪಿನ್ನುಗಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಹಸಿರು ತಂತಿಯದು, ಎಂದರೆ ಬಲಗಡೆಯ ಗ್ರೌಂಡು, ಕಪ್ಪಿಟ್ಟಿತ್ತು. ತುಂಗೆಯ ಹಿನ್ನೀರಿನ ಪಕ್ಕದ ಸಕ್ರೆಬೈಲಿನಲ್ಲಿ ಮಳೆಗಾಲಕ್ಕೆ ಚಪ್ಪಲಿಗೇ ಬೂಷ್ಟು ಬರುತ್ತದೆ, ಪಿನ್ನೇನು ಲೆಕ್ಕ? ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಬಟ್ಟೆ ಅದ್ದಿ ಒರೆಸಿದಳು. ಸದ್ದು ನಿಂತಿತು. ತಂಬೂರಿ ಮಾತ್ರ ಉಳಿಯಿತು.

ಅಮ್ಮ ಕಣ್ಣು ಮುಚ್ಚಿ ಕೇಳಿದರು. ಮೊದಲ ಮಗ್ಗುಲು ಮುಗಿಯುವವರೆಗೆ ಯಾರೂ ಮಾತಾಡಲಿಲ್ಲ. ಆಮೇಲೆ ಮಗಳ ಕೈ ಹಿಡಿದು, "ನಿಮ್ಮಜ್ಜ ಇದನ್ನ ಹಾಕಿದರೆ ಊಟಕ್ಕೆ ಕರೆದರೂ ಏಳ್ತಿರಲಿಲ್ಲ" ಎಂದರು.

ಒಂದು ಸೋಜಿಗ ಉಳಿದಿತ್ತು. ಹಾಡಿನ ನಡುವಿನ ಮೌನದಲ್ಲೂ ಸ್ಪೀಕರಿನ ಕಾಗದದ ಕೋನು ಸುಮಾರು ಎರಡು ಸೆಕೆಂಡಿಗೊಮ್ಮೆ ಉಸಿರಾಡುತ್ತಿತ್ತು. ತಟ್ಟೆ ತುಸು ಸೊಟ್ಟಗಾಗಿತ್ತು. ನಿಮಿಷಕ್ಕೆ 33⅓ ಸುತ್ತಿನ ಲೆಕ್ಕಕ್ಕೆ ಅದು ಸರಿಹೋಗುತ್ತದೆ. ನಮ್ಮ ಕಿವಿ ಸುಮಾರು 20 ಹರ್ಟ್ಸಿಗಿಂತ ಕೆಳಗೆ ಸೋಲುತ್ತದೆ, ಆದ್ದರಿಂದ ನಮಗೆ ಕೇಳಿಸದು. ಆನೆಗಳ ವಿಷಯ ಬೇರೆ. ಅಮೆರಿಕದ ಕೇಟಿ ಪೇನ್ ಎಂಬ ವಿಜ್ಞಾನಿ ಪೋರ್ಟ್‌ಲೆಂಡ್ ಮೃಗಾಲಯದ ಏಷ್ಯಾದ ಆನೆಗಳ ಬಳಿ ಧ್ವನಿ ಮುದ್ರಿಸಿ, ಅವು 14ರಿಂದ 24 ಹರ್ಟ್ಸಿನಲ್ಲಿ ಮಾತಾಡುತ್ತವೆಂದು ಸಂಗಡಿಗರೊಂದಿಗೆ 1986ರಲ್ಲಿ ಪ್ರಕಟಿಸಿದರು.

ಇದನ್ನು ಓದಿದ ಮೇಲೆ ಬೆಳಿಗ್ಗೆ ಬಿಡಾರದ ಆನೆಗಳು ಹೊಳೆಗಿಳಿಯುವಾಗ ಮಗಳು ಸುಮ್ಮನೆ ನಿಂತು ನೋಡುತ್ತಾಳೆ. ಪ್ರಿಆಂಪಿಗೆ ಅಂಥ ಕೆಳಗಿನ ಕಂಪನ ತಡೆಯುವ ಒಂದು ಫಿಲ್ಟರನ್ನೂ ಸೇರಿಸಿದ್ದಾಳೆ. ತಟ್ಟೆಗಳು ಈವರೆಗೆ 23 ಆಗಿವೆ. ದಿನಕ್ಕೆ ಒಂದೇ ಮಗ್ಗುಲು, ಅದು ಅಮ್ಮನ ಕಟ್ಟಪ್ಪಣೆ.