ಕಾಣದ ಮೂರು ಬೈಟುಗಳು

ಅಂತರಜಾಲದ ಸರ್ವರಿಗೆ ನೆನಪೆಂಬುದಿಲ್ಲ. ಪುಟವನ್ನು ಕೊಟ್ಟೊಡನೆ ಕೇಳಿದವರಾರೆಂಬುದನ್ನು ಮರೆಯುತ್ತದೆ. ಈ ಮರೆವಿಗೆ ಮದ್ದಾಗಿ, ಜಾಲಪುಟಗಳ ಭಾಷೆಯಾದ ಪಿ.ಎಚ್.ಪಿ.ಯಲ್ಲಿ 2000ದ ನಾಲ್ಕನೆಯ ಆವೃತ್ತಿಯಿಂದ ‘ಸೆಷನ್’ ಎಂಬ ಏರ್ಪಾಡುಂಟು. ದೇವಾಲಯದ ಬಾಗಿಲಲ್ಲಿ ಪಾದರಕ್ಷೆಯನ್ನಿರಿಸಿಕೊಂಡು ಬಿಲ್ಲೆ ಕೊಡುವಂತೆ, ಸರ್ವರು ನಮ್ಮ ಹೆಸರು, ಅಂಕಗಳನ್ನು ತನ್ನಲ್ಲಿರಿಸಿಕೊಂಡು ‘ಕುಕೀ’ ಎಂಬ ಬಿಲ್ಲೆಯನ್ನು ಕೊಡುತ್ತದೆ.

ನಮ್ಮ ಮಕ್ಕಳಿಗಾಗಿ ಸಿದ್ಧಪಡಿಸಿದ ರಸಪ್ರಶ್ನೆಯ ತಾಣದಲ್ಲಿ ಈ ಏರ್ಪಾಡು ವಿಚಿತ್ರವಾಗಿ ಕೆಟ್ಟಿತು. ಇಂಗ್ಲಿಷ್ ಪ್ರವೇಶಪುಟದಿಂದ ಹೊಕ್ಕ ಹುಡುಗನ ಹೆಸರು ಕಡೆಯವರೆಗೂ ಉಳಿಯಿತು. ಕನ್ನಡ ಪುಟದಿಂದ ಹೊಕ್ಕ ಹುಡುಗಿಯ ಹೆಸರು ಮೊದಲ ಪ್ರಶ್ನೆಗೇ ಅಳಿಯಿತು. “ಕನ್ನಡ ಇದಕ್ಕೆಲ್ಲ ಒಗ್ಗದು, ಬಿಟ್ಟುಬಿಡಿ” ಎಂದರು ಹಿತೈಷಿಗಳು. ಗಡಿನಾಡಿನವರಾದ ನಮಗೆ ಈ ಮಾತು ಹೊಸದಲ್ಲ; ಆದುದರಿಂದಲೇ ಹಟ ಹುಟ್ಟಿತು.

ಎರಡು ಕಡತಗಳ ಆದೇಶಗಳನ್ನೂ ಸಾಲುಸಾಲಾಗಿ ಹೋಲಿಸಿದೆ, ವ್ಯತ್ಯಾಸವಿಲ್ಲ. ಸೆಷನ್ ಚರಗಳನ್ನೆಲ್ಲ ತೆರೆಯ ಮೇಲೆ ತರಿಸಿದೆ: ಪ್ರವೇಶಪುಟದಲ್ಲಿ ಹೆಸರುಂಟು, ಮುಂದಿನ ಪುಟದಲ್ಲಿ ಬರಿದು. ಬ್ರೌಸರಿನಲ್ಲಿ ಹುಡುಕಿದರೆ ಬಿಲ್ಲೆಯೇ ಬಂದಿಲ್ಲ! ದೋಷಗಳ ದಾಖಲೆ ಹೇಳಿತು: ಮೊದಲನೆಯ ಸಾಲಿನಲ್ಲಿಯೇ ಏನೋ ಹೊರಬಿದ್ದಿದೆ, ಶಿರೋಲೇಖ ಆಗಲೇ ಹೊರಟುಹೋಗಿದೆ. ಕುಕೀ ಹೋಗತಕ್ಕದ್ದು ಆ ಶಿರೋಲೇಖದೊಡನೆಯೇ. ಪುಟದ ಒಂದಕ್ಷರ ಮುಂದಾಗಿ ಹೊರಟರೂ ಅದಕ್ಕೆ ದಾರಿಯಿಲ್ಲ. ಆದರೆ ಮೊದಲನೆಯ ಸಾಲಿನ ಮುಂದೆ ಕಣ್ಣಿಗೆ ಏನೂ ಇರಲಿಲ್ಲ.

ಕಡತವನ್ನು ಬೈಟುಗಳಾಗಿ ಬಿಡಿಸಿದಾಗ ಕಂಡವು: 239, 187, 191. ಕನ್ನಡ ಅಕ್ಷರಗಳಿಗಾಗಿ ಯು.ಟಿ.ಎಫ್.-8ರಲ್ಲಿ ಉಳಿಸುವಾಗ ಬರೆಹದ ತಂತ್ರಾಂಶವು ತಾನಾಗಿ ಅಂಟಿಸಿದ್ದ ಗುರುತು ಅದು. ಕನ್ನಡಕ್ಕೆ ಅದು ಬೇಕಾಗಿಯೂ ಇರಲಿಲ್ಲ. ಗುರುತಿಲ್ಲದೆ ಉಳಿಸಿದೆವು. ಹಿತೈಷಿಗಳಿಗೆ ಆ ಮೂರು ಅಂಕಿಗಳನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದೆ.