ಮಾವಿಗೆ 90 ದಿನ ಸಾಲದು

ಕೋಲಾರದ ಎಂ.ಬಿ. ರಸ್ತೆಯ ಬ್ಯಾಂಕೊಂದರಲ್ಲಿ ಕೂತಿದ್ದೇವೆ. ಹೊತ್ತು ಹನ್ನೊಂದೂವರೆ. ಮಾವನ ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು. ಅದರಲ್ಲಿ ಹನ್ನೆರಡು ತಿಂಗಳ ಸ್ಟೇಟ್‌ಮೆಂಟು, ಎ.ಪಿ.ಎಂ.ಸಿ. ಲೈಸೆನ್ಸು, ಐ.ಟಿ. ರಿಟರ್ನ್ಸು, ಅಂಗಡಿ ಜಾಗದ ಖಾತೆ ನಕಲು. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟವರು ಅವರು. ಬೆಳಗ್ಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ತೋಟಗಳನ್ನೇ ನೋಡುತ್ತಾ ಬಂದರು. ಫೆಬ್ರವರಿ; ಮರಗಳೆಲ್ಲ ಹೂ ಹೊತ್ತು ನಿಂತಿವೆ.

"ಈ ಸಲ ಹೂವು ಚೆನ್ನಾಗದೆ. ಜಿಗಿಹುಳಕ್ಕೆ ಇನ್ನೊಂದು ಸಲ ಔಷಧಿ ಹೊಡೀಬೇಕು ಅಂತ ಎಲ್ರೂ ದುಡ್ಡು ಕೇಳ್ತವ್ರೆ," ಎಂದಿದ್ದರು.

ಮಂಡಿ ಎಂದರೆ ಹಣ್ಣು ಹರಾಜು ಹಾಕಿ ಕಮಿಷನ್ ಮುರಿದುಕೊಳ್ಳುವ ಜಾಗ ಮಾತ್ರ ಅಲ್ಲ. ಡಿಸೆಂಬರ್ ಕಳೆಯುತ್ತಲೇ ರೈತರು ಬಂದು ಕೂರುತ್ತಾರೆ. ಒಬ್ಬರಿಗೆ ಉಳುಮೆಗೆ, ಇನ್ನೊಬ್ಬರಿಗೆ ಔಷಧಿಗೆ, ಮತ್ತೊಬ್ಬರಿಗೆ ಮಗಳ ಮದುವೆಗೆ ಮುಂಗಡ ಬೇಕು. ಮೇ ತಿಂಗಳಿಂದ ಅವರ ಬಾದಾಮಿ, ಬೇನಿಷಾ, ಕೊನೆಗೆ ತೋತಾಪುರಿ ಇದೇ ಮಂಡಿಗೆ ಬಂದು ಬೀಳುತ್ತದೆ; ಆಗ ಲೆಕ್ಕ ಚುಕ್ತಾ. ಈ ಮುಂಗಡಕ್ಕೆ ಮಾವನ ಬಳಿ ಇರುವುದು ಅಂಗಡಿ ಜಾಗ ಅಡವಿಟ್ಟು ಪಡೆದ 15 ಲಕ್ಷದ ಓಡಿ (ಓವರ್‌ಡ್ರಾಫ್ಟ್). ಜನವರಿಯಲ್ಲಿ ಅದು ಕಂಠಮಟ್ಟ ತುಂಬುತ್ತದೆ, ಜುಲೈ ಹೊತ್ತಿಗೆ ಇಳಿಯುತ್ತದೆ. ವರ್ಷಗಳಿಂದ ನಡೆದುಬಂದ ಕ್ರಮ ಅದು.

ಹಳೆಯ ಬ್ಯಾಂಕಿನಲ್ಲಿ ಬಡ್ಡಿ ಹೆಚ್ಚು. ಈ ಬ್ಯಾಂಕಿನವರು ಕಡಿಮೆ ದರಕ್ಕೆ 'ಟೇಕ್ ಓವರ್' ಮಾಡಿಕೊಳ್ಳುತ್ತಾರಂತೆ ಎಂದು ಯಾರೋ ಹೇಳಿದ್ದರು. ಅರ್ಜಿ ಕೊಟ್ಟದ್ದು ಸಂಕ್ರಾಂತಿ ಆದ ಮೇಲೆ. ಇವತ್ತು ಬರಹೇಳಿದ್ದಾರೆ.

ಪಕ್ಕದ ಕುರ್ಚಿಯಲ್ಲಿ ಮುಳಬಾಗಿಲು ಕಡೆಯವರೊಬ್ಬರು; ವಡ್ಡಹಳ್ಳಿ ಮಾರುಕಟ್ಟೆಯಲ್ಲಿ ಟೊಮೆಟೊ ವ್ಯಾಪಾರ. ಅವರ ಖಾತೆಗೆ ದಿನಾ ದುಡ್ಡು ಬರುತ್ತದೆ, ದಿನಾ ಹೋಗುತ್ತದೆ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿದ ದಿನಗಳ ಮಾತು ತೆಗೆದಾಗ ಅವರ ಮುಖ ಅರಳುತ್ತದೆ. ಆಚೆ ಬದಿಗೆ ಮಾಲೂರಿನ ಇಟ್ಟಿಗೆ ಗೂಡಿನ ಯಜಮಾನರು. ಮಳೆ ಹಿಡಿದರೆ ಗೂಡು ನಿಲ್ಲುತ್ತದೆ, ಕೂಲಿಯವರಿಗೆ ಕೊಟ್ಟ ಮುಂಗಡ ಮಾತ್ರ ಹೊರಗೇ ಇರುತ್ತದೆ. ಅವರು ಮಾವನ ಫೈಲನ್ನು ಒಮ್ಮೆ ನೋಡಿ, ಏನೂ ಕೇಳದೆ ತಲೆಯಾಡಿಸುತ್ತಾರೆ.

ನಮ್ಮ ಸರದಿ. ಸಾಲ ವಿಭಾಗದ ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಕೂತ್ಕೊಳ್ಳಿ ಸರ್," ಎಂದು ಕುರ್ಚಿ ತೋರಿಸಿ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸುತ್ತಾರೆ. ಆ ಸೌಜನ್ಯವೇ ನನಗೆ ಭಯ ತರಿಸುತ್ತದೆ.

"ಸರ್, ಇದು ಆಗ್ತಾ ಇಲ್ಲ."

ಮಾವ ಫೈಲಿನ ದಾರ ಬಿಚ್ಚುತ್ತಿದ್ದವರು ಕೈ ನಿಲ್ಲಿಸುತ್ತಾರೆ. "ಯಾಕಮ್ಮಾ?"

ಪರದೆಯ ಮೇಲೆ ಅವರ ಬೆರಳು ಓಡುತ್ತದೆ. ಪ್ರತಿ ತಿಂಗಳ ಕೊನೆಗೆ ಬಡ್ಡಿ ಖರ್ಚು ಬೀಳುತ್ತದೆ. ಶೇ. 11.5ರ ದರದಲ್ಲಿ 15 ಲಕ್ಷಕ್ಕೆ ತಿಂಗಳಿಗೆ 14,000 ಚಿಲ್ಲರೆ. ಖಾತೆ ಮೊದಲೇ ಮಿತಿಯಂಚಿನಲ್ಲಿ ನಿಂತಿರುವುದರಿಂದ ಬಡ್ಡಿ ಬಿದ್ದ ದಿನವೇ ಮಿತಿ ಮೀರುತ್ತದೆ. ಎಂಟೋ ಹತ್ತೋ ದಿನಕ್ಕೆ ಮಾವ ಎಲ್ಲಿಂದಲೋ ತಂದು ಕಟ್ಟುತ್ತಾರೆ. ಮುಂದಿನ ತಿಂಗಳು ಮತ್ತದೇ. ಅಕ್ಟೋಬರಿನಲ್ಲಿ ಹಾಗೆ ಮೀರಿದ್ದು ಮೂವತ್ತು ದಿನ ದಾಟಿತ್ತು. ಓಡಿ ಖಾತೆ 31ರಿಂದ 60 ದಿನ ಮಿತಿ ಮೀರಿ ನಿಂತರೆ ಅದಕ್ಕೆ 'ಎಸ್.ಎಂ.ಎ.-1' ಎಂಬ ಗುರುತು ಬೀಳುತ್ತದೆ, 60 ದಾಟಿದರೆ 'ಎಸ್.ಎಂ.ಎ.-2', 90 ದಾಟಿದರೆ ಎನ್.ಪಿ.ಎ., ಅಂದರೆ ಸುಸ್ತಿ ಸಾಲ. ಜೊತೆಗೆ ಎರಡು ಚೆಕ್ಕು ವಾಪಸಾಗಿವೆ. 300ರಿಂದ 900ರವರೆಗಿನ ಸಿಬಿಲ್ ಅಂಕದಲ್ಲಿ ಮಾವನದು 650ರ ಕೆಳಗೆ.

"ಆದ್ರೆ ನಾನು ಒಂದು ಪೈಸೆ ಉಳಿಸ್ಕೊಂಡಿಲ್ಲಮ್ಮಾ. ಎಲ್ಲಾ ಕಟ್ಟಿದ್ದೀನಿ."

"ಕಟ್ಟಿದ್ದೀರಿ ಸರ್, ಅದು ಕಾಣಿಸ್ತಾ ಇದೆ. ಲೇಟಾಗಿದ್ದೂ ಕಾಣಿಸ್ತಾ ಇದೆ. ನನ್ನ ಕೈಲಿಲ್ಲ ಇದು, ಮೇಲಿನಿಂದ್ಲೇ ರಿಜೆಕ್ಟ್ ಆಗಿ ಬಂದಿದೆ."

ಕಳೆದ ವರ್ಷ ಏನಾಯಿತು ಎಂಬುದು ಆ ಪರದೆಯಲ್ಲಿ ಇಲ್ಲ. 2025ರ ಜೂನ್‌ನಲ್ಲಿ, ತೋತಾಪುರಿ ಕೊಯ್ಲು ಬಿರುಸಾಗಿದ್ದಾಗ, ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಒಳಗೆ ಬರಬಾರದೆಂದು ಆದೇಶ ಮಾಡಿತು. ನಮ್ಮ ತೋತಾಪುರಿಗೆ ಚಿತ್ತೂರಿನ ತಿರುಳು ಕಾರ್ಖಾನೆಗಳೇ ದೊಡ್ಡ ಗಿರಾಕಿ. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದರು. ಕೇಂದ್ರ ಸರ್ಕಾರ 2.5 ಲಕ್ಷ ಟನ್‌ವರೆಗಿನ ಹಣ್ಣಿಗೆ ಬೆಲೆ ವ್ಯತ್ಯಾಸ ತುಂಬಿಕೊಡಲು ಒಪ್ಪಿತು. ಅದು ಬೆಳೆಗಾರರಿಗೆ ಸಲ್ಲಬೇಕಾದ ಹಣ, ಸರಿಯಾದದ್ದೇ. ಆದರೆ ಅವರಿಗೆ ಜನವರಿಯಲ್ಲೇ ಮುಂಗಡ ಕೊಟ್ಟಿದ್ದ ಮಂಡಿಯವರ ದುಡ್ಡು ಅರ್ಧ ತೋಟದಲ್ಲಿ, ಅರ್ಧ ಕಾರ್ಖಾನೆಯವರ ಬಾಕಿಯಲ್ಲಿ ಸಿಕ್ಕಿಬಿತ್ತು. ಜುಲೈನಲ್ಲಿ ಇಳಿಯಬೇಕಿದ್ದ ಓಡಿ ಇಳಿಯಲೇ ಇಲ್ಲ.

ನನ್ನನ್ನು ತುಂಬಾ ಕಾಡುವುದು ಇನ್ನೊಂದು ವಿಷಯ. ಮಾವಿನ ತೋಟದ ರೈತನು ಬ್ಯಾಂಕಿನಿಂದ ಬೆಳೆಸಾಲ ಪಡೆದಿದ್ದರೆ ರಿಸರ್ವ್ ಬ್ಯಾಂಕಿನ ನಿಯಮ ಅವನ ಬಾಕಿಯನ್ನು ಹಂಗಾಮಿನ ಲೆಕ್ಕದಲ್ಲಿ ನೋಡುತ್ತದೆ. ಅಲ್ಪಾವಧಿ ಬೆಳೆಗೆ ಎರಡು ಹಂಗಾಮು, ದೀರ್ಘಾವಧಿ ಬೆಳೆಗೆ ಒಂದು ಹಂಗಾಮು ಕಳೆದ ಮೇಲೆ ಮಾತ್ರ ಅದು ಎನ್.ಪಿ.ಎ. ಅದೇ ತೋಟಕ್ಕೆ, ಅದೇ ಔಷಧಿಗೆ ಮಂಡಿಯ ಮೂಲಕ ಹೋದ ಹಣಕ್ಕೆ 90 ದಿನದ ಗಡುವು. ಮರ ಎರಡೂ ಕಡೆ ಒಂದೇ. ಹೂವಿನಿಂದ ಹಣ್ಣಾಗಲು ಅದು ತೆಗೆದುಕೊಳ್ಳುವ ಕಾಲವೂ ಒಂದೇ. ಮಂಡಿಯವರಲ್ಲಿ ರೈತರನ್ನು ಸುಲಿದವರಿದ್ದಾರೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಬ್ಯಾಂಕು ಮೆಟ್ಟಿಲು ಹತ್ತಿಸದ ಸಣ್ಣ ಹಿಡುವಳಿದಾರನಿಗೆ ಜನವರಿಯಲ್ಲಿ ದುಡ್ಡು ಕೊಡುವವರೂ ಇವರೇ. ಇವರ ಖಾತೆ ಬಿಗಿದರೆ ಆ ರೈತ ಹೋಗುವುದು ವಾರದ ಬಡ್ಡಿಯವರ ಬಳಿಗೆ.

"ಬೇಡ ಅಂದ್ರೆ ಬೇಡ. ಕರೆಂಟ್ ಅಕೌಂಟ್ ಆದ್ರೂ ಇಲ್ಲೊಂದು ಮಾಡ್ಕೊಡಿ," ಮಾವ ಇನ್ನೊಂದು ದಾರಿ ಹಿಡಿಯುತ್ತಾರೆ.

ಅಧಿಕಾರಿ ಹಿಂಜರಿಯುತ್ತಾರೆ. ಆ ಹಿಂಜರಿಕೆಗೂ ಒಂದು ಹಿನ್ನೆಲೆಯಿದೆ. ಒಂದು ಬ್ಯಾಂಕಿನಲ್ಲಿ ಓಡಿ ಇಟ್ಟುಕೊಂಡವರಿಗೆ ಬೇರೆ ಬ್ಯಾಂಕು ಚಾಲ್ತಿ ಖಾತೆ ತೆರೆದುಕೊಡಬಾರದೆಂದು ರಿಸರ್ವ್ ಬ್ಯಾಂಕ್ 2020ರ ಆಗಸ್ಟ್ 6ರಂದು ಸುತ್ತೋಲೆ ಹೊರಡಿಸಿತ್ತು. ಸಾಲದ ಹಣ ಬೇರೆಡೆಗೆ ಹರಿದುಹೋಗದಿರಲಿ ಎಂಬುದು ಉದ್ದೇಶ. ಮರುವರ್ಷ ದೇಶದ ತುಂಬ ಸಣ್ಣ ವ್ಯಾಪಾರಿಗಳ ಖಾತೆಗಳು ಇದ್ದಕ್ಕಿದ್ದಂತೆ ನಿಂತುಹೋದವು. ಗದ್ದಲವಾದ ಮೇಲೆ 2021ರ ಅಕ್ಟೋಬರ್ 29ರಂದು 5 ಕೋಟಿಗಿಂತ ಕಡಿಮೆ ಸಾಲದವರಿಗೆ ಮುಚ್ಚಳಿಕೆ ಪಡೆದು ವಿನಾಯಿತಿ ಕೊಟ್ಟರು. ವಿನಾಯಿತಿ ಬಂದರೂ ಶಾಖೆಗಳಲ್ಲಿ ಆ ಅಳುಕು ಉಳಿದಿದೆ.

"ಮ್ಯಾನೇಜರ್‌ನ ಕೇಳ್ಬೇಕು ಸರ್."

ಅಲ್ಲಿವರೆಗೆ ಸುಮ್ಮನಿದ್ದ ನಾನು ಬಾಯಿ ತೆರೆಯುತ್ತೇನೆ. "ಮೇಡಂ, ಸಾಲದ ಅರ್ಜಿ ತಿರಸ್ಕಾರ ಆಗಿರೋ ಕಾರಣ ಬರವಣಿಗೆಯಲ್ಲಿ ಕೊಡಿ."

ಇದು ಕೇಳಿ ಪಡೆಯಬೇಕಾದ ಹಕ್ಕು. 2003ರಲ್ಲಿ ರಿಸರ್ವ್ ಬ್ಯಾಂಕ್ ತಂದ ನ್ಯಾಯೋಚಿತ ನಡಾವಳಿ ಸಂಹಿತೆಯಲ್ಲಿ 2 ಲಕ್ಷದವರೆಗಿನ ಸಾಲಗಾರರಿಗೆ ಇದ್ದ ಈ ನಿಯಮವನ್ನು 2007ರಲ್ಲಿ ಎಲ್ಲ ಸಾಲಗಳಿಗೂ ವಿಸ್ತರಿಸಿದ್ದಾರೆ. ಆದರೂ ಬಹಳಷ್ಟು ಜನ ಬಾಯಿಮಾತಿನ 'ಆಗಲ್ಲ' ಹೊತ್ತು ಮೆಟ್ಟಿಲಿಳಿಯುತ್ತಾರೆ. ಕಾರಣ ಕಾಗದದ ಮೇಲಿದ್ದರೆ ಮುಂದಿನ ಬ್ಯಾಂಕಿಗೆ ಹೋಗುವ ಮುಂಚೆ ಏನು ಸರಿಪಡಿಸಬೇಕೆಂದು ಗೊತ್ತಾಗುತ್ತದೆ. ಅದು ತಿಳಿಯದೆ ಬ್ಯಾಂಕಿಂದ ಬ್ಯಾಂಕಿಗೆ ಅರ್ಜಿ ಹಾಕುತ್ತಾ ಹೋದರೆ ಪ್ರತಿ ವಿಚಾರಣೆಯೂ ಸಿಬಿಲ್‌ನಲ್ಲಿ ದಾಖಲಾಗುತ್ತದೆ.

ಅಧಿಕಾರಿ ಒಂದು ಕ್ಷಣ ನನ್ನನ್ನು ನೋಡಿ, "ಕೊಡ್ತೀನಿ, ಹತ್ತು ನಿಮಿಷ," ಎಂದು ಎದ್ದು ಹೋಗುತ್ತಾರೆ. ಬಂದ ಕಾಗದದಲ್ಲಿ ಮೂರೇ ಸಾಲು. ಪದೇ ಪದೇ ಮಿತಿ ಮೀರಿದ ಖಾತೆ, ಚೆಕ್ಕು ವಾಪಸು, ಕಡಿಮೆ ಅಂಕ. ಕೈಗಿಡುವಾಗ ಅವರೇ ತಗ್ಗಿದ ದನಿಯಲ್ಲಿ ಸೇರಿಸುತ್ತಾರೆ: "ಸರ್, ಹಳೇ ಬ್ಯಾಂಕಲ್ಲೇ ಸೀಸನ್ ನೋಡ್ಕೊಂಡು ಪೀಕ್ ಲೆವೆಲ್, ನಾನ್ ಪೀಕ್ ಲೆವೆಲ್ ಅಂತ ಎರಡು ಲಿಮಿಟ್ ಕೇಳಿ. ಅದಕ್ಕೆ ಅವಕಾಶ ಇದೆ. ಒಂದು ವರ್ಷ ಮಿತಿಯೊಳಗೆ ನಡೆಸಿ, ಆಮೇಲೆ ಬನ್ನಿ."

ಹೊರಗೆ ಬಿಸಿಲು ಏರಿದೆ. ಡೂಂಲೈಟ್ ವೃತ್ತದ ಕಡೆ ನಡೆಯುತ್ತೇವೆ. ಮಾವ ಮಾತಾಡುವುದಿಲ್ಲ. ಹೋಟೆಲ್ಲಿನಲ್ಲಿ ಕೂತು ಟೀ ಹೇಳಿದ ಮೇಲೆ ಫೈಲಿನಿಂದ ಬಿಳಿ ಹಾಳೆ ತೆಗೆದು ನನ್ನ ಮುಂದೆ ಇಡುತ್ತಾರೆ.

"ಬರಿ. ನಮ್ಮ ಹಳೇ ಮ್ಯಾನೇಜರ್‌ಗೆ. ಜನವರಿಯಿಂದ ಏಪ್ರಿಲ್‌ವರೆಗೂ ಮುಂಗಡ ಕೊಡೋ ಕಾಲ, ಅಷ್ಟು ತಿಂಗಳಿಗೆ 18 ಲಕ್ಷ ಬೇಕು. ಮೇನಿಂದ ವಸೂಲಿ. ಆಗಸ್ಟಿಂದ ಡಿಸೆಂಬರ್‌ವರೆಗೂ 8 ಲಕ್ಷ ಸಾಕು. ಬಡ್ಡಿಗೆ ಜಾಗ ಬಿಟ್ಟೇ ದುಡ್ಡು ತೆಗೀತೀನಿ ಅಂತಾನೂ ಬರಿ."

ನಾನು ಬರೆಯುತ್ತೇನೆ.

"ಹೋದ ಜೂನ್ ಆದೇಶದ ಪೇಪರ್ ಕಟಿಂಗ್ ಇಟ್ಟಿದ್ದೀನಿ, ಅದನ್ನೂ ಲಗತ್ತಿಸು. ಆಮೇಲೆ ಎರಡು ಜೆರಾಕ್ಸ್ ತೆಗಿಸ್ಬೇಕು. ಒಂದರ ಮೇಲೆ ಸೀಲು ಹಾಕಿಸ್ಕೊಂಡು, ತಾರೀಕು ಬರೆಸ್ಕೊಂಡೇ ಬರೋಣ. ಎರಡು ಗಂಟೆ ಬಸ್ಸು ಹಿಡಿದ್ರೆ ಬ್ಯಾಂಕು ಮುಚ್ಚೋದರೊಳಗೆ ಊರಲ್ಲಿರ್ತೀವಿ."